ಕೆಲಸದ ಮೇಲೆ ಊರೂರು ತಿರುಗುವಾಗ ಹಳೇ ನಾಣ್ಯದ ಜನರನ್ನು ಹುಡುಕೋದು ಹೇಗೆ?

ತಕ್ಕಡಿ ರಿಪೇರಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ ತಕ್ಕಡಿ, ಲಾರಿ ತೂಗುವ ಕಾಟಾ ರಿಪೇರಿ ನನ್ನ ಕೆಲಸ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಹುಬ್ಬಳ್ಳಿಯಲ್ಲಿ ಇರುವುದೇ ಇಲ್ಲ. ಮೆಣಸಿನಕಾಯಿ, ಅರಿಶಿನ, ಬೆಲ್ಲ ಎಲ್ಲೆಲ್ಲಿ ಚೀಲಗಟ್ಟಲೆ ತೂಗುತ್ತಾರೋ ಅಲ್ಲೆಲ್ಲ ನಮ್ಮ ಗಿರಾಕಿಗಳು. ಬ್ಯಾಡಗಿ, ಗುಂಟೂರು, ಸಾಂಗ್ಲಿ, ಈರೋಡ್, ಈಗ ಹೊಸದಾಗಿ ಕೊಲ್ಹಾಪುರ. ಸಂಜೆ ಆರಕ್ಕೆ ಲಾಡ್ಜಿಗೆ ಬಂದರೆ ಮುಗಿಯಿತು. ಗೋಡೆ ನೋಡಬೇಕು, ಇಲ್ಲ ಮೊಬೈಲು ನೋಡಬೇಕು.

ನನಗೆ ನಾಣ್ಯದ ಹುಚ್ಚು ಹತ್ತಿದ್ದೂ ತಕ್ಕಡಿಯಿಂದಲೇ. ಹದಿನೈದು ವರ್ಷದ ಹಿಂದೆ ದುರ್ಗದ ಬೈಲಿನ ಹತ್ತಿರ ಒಂದು ಕಿರಾಣಿ ಅಂಗಡಿಯವರು ಹಳೇ ಕೈತಕ್ಕಡಿಯನ್ನು ಗುಜರಿಗೆ ಹಾಕುವವರಿದ್ದರು. ಸುಮ್ನೆ ತಟ್ಟೆ ತಿರುಗಿಸಿ ನೋಡಿದೆ. ಕೆಳಗೆ ಅರಗು ಹಚ್ಚಿ ಒಂದು ತಾಮ್ರದ ಬಿಲ್ಲೆ ಅಂಟಿಸಿದ್ದರು. ಎರಡೂ ತಟ್ಟೆ ಸಮ ಬರಲಿ ಅಂತ ಯಾವ ಕಾಲದಲ್ಲೋ ಯಾರೋ ಮಾಡಿದ ಉಪಾಯ. ಅರಗು ಬಿಡಿಸಿದರೆ ಒಳಗೆ ಆನೆ! ಟಿಪ್ಪು ಸುಲ್ತಾನನ ಪೈಸಾ. ಅಂಗಡಿಯ ಅಜ್ಜ "ತಗೊಂಡ್ ಹೋಗೋ ತಮ್ಮಾ, ನನಗ ಅದ್ರಿಂದ ಏನ್ ಆಗೂದೈತಿ" ಅಂದುಬಿಟ್ಟರು. 11 ಗ್ರಾಂ ಮೇಲೆ ಸ್ವಲ್ಪ ತೂಗುತ್ತದೆ. ಆನೆಯ ಮೇಲೆ ಅರಬ್ಬಿ ಅಂಕಿಯಲ್ಲಿ 2221 ಅಂತ ಇದೆ. ಹಿಂದೆ ಪರ್ಷಿಯನ್ ಬರಹ. ಇದು ಧಾರವಾಡದ ಟಂಕಸಾಲೆಯದ್ದು ಅಂತ ಯಾರೋ ಹೇಳಿದರು. ಅವತ್ತಿನಿಂದ ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಗುಂಟೂರಿನ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತಕ್ಕಡಿ ಸರಿ ಮಾಡುತ್ತಿದ್ದೆ. ನನ್ನ ತೂಕದ ಪೆಟ್ಟಿಗೆ ತೆರೆದಿತ್ತು. ಮಖಮಲ್ಲಿನ ಗುಳಿಯಲ್ಲಿ 1 ಗ್ರಾಂನಿಂದ 200 ಗ್ರಾಂವರೆಗೆ ತೂಕದ ಬಟ್ಟುಗಳು ಸಾಲಾಗಿ ಕೂತಿರುತ್ತವೆ. ಅಲ್ಲಿನ ಗುಮಾಸ್ತರು, ಅರವತ್ತು ದಾಟಿದವರು, ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಇದನ್ನು ತೂಗಿ ಕೊಡುತ್ತೀರಾ ಅಂತ ಸನ್ನೆ ಮಾಡಿದರು. ಬಿಚ್ಚಿದರೆ ಶಾತವಾಹನರ ಸೀಸದ ನಾಣ್ಯ! ನನ್ನ ತೆಲುಗು ಅಂದರೆ ಕಿಲೋ, ಕ್ವಿಂಟಾಲು, ಎಷ್ಟು, ಸಾಕು. ಅವರಿಗೆ ಕನ್ನಡ ಒಂದಕ್ಷರ ಬಾರದು. ಎರಡು ತಾಸು ಮಾತಾಡಿದೆವು. ಅಮರಾವತಿ ಎಕ್ಸ್‌ಪ್ರೆಸ್ ಹೋಯಿತು. ನನಗೆ ಬೇಜಾರೇ ಆಗಲಿಲ್ಲ.

ಆದರೆ ಹಾಗೆ ಸಿಕ್ಕವರು ಹದಿನೈದು ವರ್ಷದಲ್ಲಿ ಅವರೊಬ್ಬರೇ. ಉಳಿದ ಊರುಗಳಲ್ಲಿ ನಾನೇ ಬಾಯಿಬಿಟ್ಟು ಕೇಳಿ ಕೆಟ್ಟಿದ್ದೇನೆ. ಒಂದು ಊರಿನಲ್ಲಿ "ಹಳೇ ನಾಣ್ಯ ಇಟ್ಟುಕೊಂಡವರು ಯಾರಾದರೂ ಇದ್ದಾರಾ" ಅಂದದ್ದಕ್ಕೆ ಇಬ್ಬರು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು, 1818ರ ಈಸ್ಟ್ ಇಂಡಿಯಾ ಕಂಪನಿ ಕಾಸು ಅಂತ ಹನುಮಂತನ ಚಿತ್ರದ ಒಂದು ನಕಲಿ ಬಿಲ್ಲೆ ತೋರಿಸಿದರು. ಅದು ಅಕ್ಕಿ ಕಾಳನ್ನು ತನ್ನ ಕಡೆಗೆ ಎಳೆಯುತ್ತದಂತೆ. ಬೆಲೆ ಎರಡು ಕೋಟಿ! ಚಹಾ ಕುಡಿದು ಎದ್ದು ಬಂದೆ.

ಮುಂದಿನ ವಾರ ಕೊಲ್ಹಾಪುರದಲ್ಲಿ ಮೂರು ದಿನ ಇರುತ್ತೇನೆ. ನೀವೆಲ್ಲ ಹೊರಗಿನ ಊರಿಗೆ ಹೋದಾಗ ಇಂಥವರನ್ನು ಹೇಗೆ ಹುಡುಕುತ್ತೀರಿ? ನಮ್ಮ ನಾಣ್ಯ ಜೊತೆಗೆ ಒಯ್ಯಬೇಕಾ, ಬೇಡವಾ? ಮನೆಯಲ್ಲಿ ನನ್ನಾಕೆ ಅನ್ನೋದು ಇಷ್ಟು: "ಎಲ್ಲಾ ಊರಿಂದ ಹಳೇ ರೊಕ್ಕ ತರ್ತೀರಿ. ಹೊಸಾ ರೊಕ್ಕ ಯಾವಾಗ ತರೂದು?"

ಔಷಧಿ ಬ್ಯಾಗು, ಬೆಟಗೇರಿ

ನಿಮ್ಮ ಲಾಡ್ಜಿನ ಗೋಡೆ ನನಗೂ ಗೊತ್ತು ಬಿಡಿ. ಹದಿನೆಂಟು ವರ್ಷದಿಂದ ಮೆಡಿಕಲ್ ರೆಪ್ ಆಗಿದ್ದೇನೆ.

ಮೊದಲ ಮಾತು. "ಹಳೇ ನಾಣ್ಯ ಇದೆಯಾ" ಅಂತ ಕೇಳಲೇಬೇಡಿ. ಹಾಗೆ ಕೇಳಿದ ಕೂಡಲೇ ನೀವು ಕೊಳ್ಳುವವರು ಅಂತ ಆಗುತ್ತದೆ. ಮುಂದಿನವರು ಒಂದೋ ಮಾರಲು ನಿಲ್ಲುತ್ತಾರೆ, ಇಲ್ಲ ಮುಚ್ಚಿಡುತ್ತಾರೆ. "ನನ್ನ ಹತ್ತಿರ ಒಂದಿದೆ, ಓದಲು ಬರುತ್ತಿಲ್ಲ, ಈ ಊರಲ್ಲಿ ಯಾರಾದರೂ ಓದುತ್ತಾರಾ" ಅಂತ ಕೇಳಿ. ಹೀಗೆ ಕೇಳಿದರೆ ಸರಾಫ ಕಟ್ಟೆಯ ಹುಡುಗ ಕೂಡ ಗಲ್ಲೆ ಬಿಟ್ಟು ಎದ್ದು ಬಂದು ದಾರಿ ತೋರಿಸುತ್ತಾನೆ. ನನಗೆ ಸೊಲ್ಲಾಪುರದಲ್ಲಿ, ಬಳ್ಳಾರಿಯಲ್ಲಿ ಹಾಗೇ ಸಿಕ್ಕಿದ್ದಾರೆ.

ಎರಡನೆಯದು, ಬಂಗಾರದ ಅಂಗಡಿಗಳ ಓಣಿಗೆ ಹೋಗಿ. ಶೋರೂಮ್ ಅಲ್ಲ, ಒಳಗೆ ಕೂತು ಊದುಕೊಳವೆ ಊದುವ ಅಕ್ಕಸಾಲಿಗರ ಸಣ್ಣ ಅಂಗಡಿ. ಕರಗಿಸಲು ಬರುವ ಹಳೇ ಬೆಳ್ಳಿ ಮೊದಲು ಬೀಳುವುದು ಅವರ ಕೈಗೆ. ಅದರಲ್ಲಿ ನಾಣ್ಯ ಕಂಡರೆ ಯಾರಿಗೆ ಫೋನ್ ಮಾಡಬೇಕು ಅಂತ ಪ್ರತಿ ಊರಿನ ಅಕ್ಕಸಾಲಿಗರಿಗೂ ಒಬ್ಬ ಗೊತ್ತಿರುತ್ತಾನೆ. ನಿಮಗೆ ಬೇಕಾದವನು ಅವನೇ.

ಕೊಲ್ಹಾಪುರದಲ್ಲಿ ಆ ಓಣಿಯ ಹೆಸರು ಗುಜರಿ. ನಗಬೇಡಿ. ಮಹಾಲಕ್ಷ್ಮಿ ಗುಡಿಯ ಹತ್ತಿರವೇ ಇದೆ. ಮೊದಲ ಸಲ ಒಬ್ಬರು "ಗುಜರೀತ್ ಜಾ" ಅಂದಾಗ, ಹಳೇ ಕಬ್ಬಿಣದ ಅಂಗಡಿಗೆ ಕಳಿಸುತ್ತಿದ್ದಾರೆ ಅಂತ ತಿಳಿದು ಎರಡು ದಿನ ಹೋಗಲೇ ಇಲ್ಲ! ನಮ್ಮಲ್ಲಿ ಗುಜರಿ ಅಂದರೆ ಮುರಿದ ಬಕೆಟ್ಟು, ಅಲ್ಲಿ ಗುಜರಿ ಅಂದರೆ ಬಂಗಾರ.

ಪುಣೆಗೆ ಹೋದರೆ ಬುಧವಾರ ಇಲ್ಲವೇ ಭಾನುವಾರ ಬೀಳುವ ಹಾಗೆ ನೋಡಿಕೊಳ್ಳಿ. ಜುನಾ ಬಜಾರ್ ಆ ಎರಡು ದಿನ ಸೇರುತ್ತದೆ. ಕೊಳ್ಳಲು ಹೋಗಬೇಡಿ, ಅಲ್ಲಿ ನಕಲಿ ಜಾಸ್ತಿ. ಆದರೆ ನೆಲದ ಮೇಲೆ ಹರಡಿದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು, ಒಂದೂ ಕೊಳ್ಳದೆ ನೋಡುತ್ತಿರುವವರು ಇರುತ್ತಾರೆ ನೋಡಿ, ಅವರ ಪಕ್ಕ ಕೂರಿ.

ನಾಣ್ಯ ಒಯ್ಯುವುದಾದರೆ ಒಂದೇ ಒಂದು, ಅದೂ ಬೆಲೆ ಇಲ್ಲದ್ದು. ಉಳಿದದ್ದಕ್ಕೆ ಫೋಟೋ ಸಾಕು. ಎರಡೂ ಮುಖ, ಪಕ್ಕದಲ್ಲಿ ಸ್ಕೇಲು, ಕೆಳಗೆ ತೂಕ. ತೂಕದ ವಿಷಯ ನಿಮಗೆ ನಾನು ಹೇಳಬೇಕಾ!

ನಿವೃತ್ತ, ಸಾಧನಕೇರಿ

ಗುಜರಿಯ ಕಥೆ ಓದಿ ನಕ್ಕೆ. ಈಗ ಹುಬ್ಬಳ್ಳಿಯವರಿಗೆ ಸ್ವಲ್ಪ ಬೇಜಾರಿನ ಸುದ್ದಿ ಹೇಳಬೇಕು.

ನಿಮ್ಮ ಪೈಸಾ ಧಾರವಾಡದ್ದಲ್ಲ. ಧಾರವಾಡದಲ್ಲಿ ಟಿಪ್ಪುವಿನ ಟಂಕಸಾಲೆ ಇದ್ದದ್ದು ನಿಜ. ಅವನು ಊರುಗಳಿಗೆಲ್ಲ ಹೊಸ ಹೆಸರು ಇಡುತ್ತಿದ್ದ. ನಾಣ್ಯದ ಮೇಲೆ ಧಾರವಾಡದ ಹೆಸರು ಖುರ್ಷೀದ್ ಸವಾದ್. ಆದರೆ ನಿಮ್ಮ ನಾಣ್ಯದ ಇಸವಿ ನೋಡಿ. ಟಿಪ್ಪು ತನ್ನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸುತ್ತಿದ್ದ. ಹಾಗಾಗಿ ಅದು 2221 ಅಲ್ಲ, 1222. ಮೌಲೂದಿ 1215 ಅಂದರೆ ಕ್ರಿ.ಶ. 1787. ಲೆಕ್ಕ ಹಾಕಿದರೆ ನಿಮ್ಮದು 1794ರ ಸುಮಾರಿನದು. ಧಾರವಾಡದ ಕೋಟೆ 1791ರ ಏಪ್ರಿಲ್‌ನಲ್ಲೇ ಮರಾಠರ ಕೈಸೇರಿತ್ತು. ಕೈಬಿಟ್ಟ ಊರಿನಲ್ಲಿ ನಾಣ್ಯ ಹೊಡೆಸುವುದು ಹೇಗೆ? ಹಿಂಬದಿಯಲ್ಲಿ ಮೂರೇ ಅಕ್ಷರದ ಒಂದು ಸಣ್ಣ ಪದ ಇದೆಯಾ ನೋಡಿ. ಇದ್ದರೆ ಅದು "ನಗರ್", ಅಂದರೆ ಬಿದನೂರು ನಗರ. ಅಲ್ಲಿಯ ತಾಮ್ರ ನಮ್ಮ ಕಡೆ ಬಹಳ ಸಿಗುತ್ತದೆ.

ಕೆಲಸದ ಮೇಲೆ ತಿರುಗುತ್ತಾ ನಾಣ್ಯ ಕೂಡಿಸುವುದು ಧಾರವಾಡಕ್ಕೆ ಹೊಸದೇನಲ್ಲ. ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿಯ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಕೆಲಸ ಮಾಡುತ್ತಿದ್ದ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಈತ ಸೆರೆ ಸಿಕ್ಕ. ಬಿಡುಗಡೆಯಾದ ಮೇಲೆ ಸರಕಾರಿ ಕೆಲಸದ ಜೊತೆಗೇ ಶಾಸನ ನಕಲು ಮಾಡಿಸುತ್ತಾ, ನಾಣ್ಯ ಕೂಡಿಸುತ್ತಾ ಹೋದ. ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ದಕ್ಷಿಣ ಭಾರತದ ನಾಣ್ಯಗಳ ಮೇಲಿನ ಅವನ ಪುಸ್ತಕ ಹೊರಬಂದದ್ದು 1886ರಲ್ಲಿ, ಸಾಯುವ ಹಿಂದಿನ ವರ್ಷ. ಆಡಳಿತಗಾರನಾಗಿ ಅವನ ಬಗ್ಗೆ ನನಗೆ ಪ್ರೀತಿ ಏನೂ ಇಲ್ಲ. ನಾಣ್ಯದ ವಿಷಯದಲ್ಲಿ ಮಾತ್ರ ಹೊಟ್ಟೆಕಿಚ್ಚು ಇದೆ.

ಕೊಲ್ಹಾಪುರಕ್ಕೆ ಹೋದವರು ಟೌನ್ ಹಾಲ್ ಮ್ಯೂಸಿಯಂ ಬಿಡಬೇಡಿ. ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕ ಗ್ರೀಕ್ ಸಮುದ್ರದೇವರು ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಅಲ್ಲಿಯದು. ಬಿಲ್ಲು ಬಾಣದ ಗುರುತಿರುವ, ಪ್ರಾಚೀನ ಕಾಲದ ಕುರ ಎಂಬ ಅರಸರ ನಾಣ್ಯಗಳಿಗೂ ಆ ಊರೇ ತವರು. ಬೆಳಗಾವಿಯ ವಡಗಾವಿ ಮಾಧವಪುರದಲ್ಲೂ ಅವು ಸಿಕ್ಕಿವೆ, ಅಂದರೆ ನಿಮ್ಮ ಬಸ್ಸಿನ ದಾರಿಯಲ್ಲೇ. ಈರೋಡಿಗೆ ಹೋದಾಗ ಕರೂರು ದೂರವಿಲ್ಲ. ಅಲ್ಲಿ ಅಮರಾವತಿ ಹೊಳೆಯ ಮರಳಿನಲ್ಲಿ ಚೇರರ ನಾಣ್ಯ, ರೋಮನ್ನರ ಸಣ್ಣ ತಾಮ್ರದ ಕಾಸು ಸಿಕ್ಕಿವೆ. ಮ್ಯೂಸಿಯಂನಲ್ಲಿ ನಾಣ್ಯದ ಕಪಾಟಿನ ಮುಂದೆ ಐದು ನಿಮಿಷಕ್ಕಿಂತ ಹೆಚ್ಚು ನಿಂತವರನ್ನು ಧೈರ್ಯವಾಗಿ ಮಾತಾಡಿಸಿ. ಉಳಿದವರೆಲ್ಲ ಕತ್ತಿ, ಬಂದೂಕು ನೋಡಲು ಮುಂದೆ ಹೋಗಿರುತ್ತಾರೆ.

ತಕ್ಕಡಿ ರಿಪೇರಿ, ಹುಬ್ಬಳ್ಳಿ

ಸರ, ನಾಣ್ಯ ತೆಗೆದು ನೋಡಿದೆ. ಮೂರೇ ಅಕ್ಷರ. ನಗರ್.

ಹದಿನೈದು ವರ್ಷ ಎಷ್ಟು ಜನಕ್ಕೆ ಧಾರವಾಡ ಅಂತ ಹೇಳಿದ್ದೇನೋ! ಗುಂಟೂರಿನ ಗುಮಾಸ್ತರಿಗೂ ಹೇಳಿದ್ದೆ. ಅವರಿಗೆ ಇವತ್ತೇ ಫೋನ್ ಮಾಡಿ ತಿದ್ದಬೇಕು. ತೆಲುಗಿನಲ್ಲಿ ತಿದ್ದುವುದು ಹೇಗೆ ಅನ್ನೋದೇ ಚಿಂತೆ.

ಟೀಚರ್, ಹಾನಗಲ್

ಹೆಣ್ಣುಮಕ್ಕಳ ಕಡೆಯಿಂದಲೂ ಒಂದು ಮಾತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೌಲ್ಯಮಾಪನ, ತರಬೇತಿ ಅಂತ ವರ್ಷಕ್ಕೆ ಎರಡು ಮೂರು ಸಲ ಬೇರೆ ಊರಿಗೆ ಹೋಗುತ್ತೇನೆ. ಸರಾಫ ಕಟ್ಟೆಯಲ್ಲಿ ಒಬ್ಬಳೇ ನಿಂತು "ನಾಣ್ಯ ಓದುವವರು ಯಾರು" ಅಂತ ಕೇಳುವುದು ನನಗೆ ಆಗದ ಮಾತು. ಪರಿಚಯ ಇಲ್ಲದವರ ಮನೆಗೂ ಹೋಗುವುದಿಲ್ಲ. ನನ್ನ ದಾರಿ ಬೇರೆ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುವಾಗ ಒಂದು ನಾಣ್ಯದ ಫೋಟೋ ಪಕ್ಕದವರಿಗೆ ತೋರಿಸುತ್ತೇನೆ. ಹತ್ತು ಶಿಕ್ಷಕರಿದ್ದರೆ ಒಬ್ಬರ ಮಾವನೋ ಅಣ್ಣನೋ ನಾಣ್ಯದ ಹುಚ್ಚಿನವರು ಇದ್ದೇ ಇರುತ್ತಾರೆ. ಸಂಜೆ ಅವರ ಮನೆಯವರೆಲ್ಲ ಇರುವಾಗ ಹೋಗಿ, ಚಹಾ ಕುಡಿದು, ನೋಡಿ ಬರುತ್ತೇನೆ. ಮೈಸೂರಿನಲ್ಲಿ ಹಾಗೆ ಸಿಕ್ಕ ಒಂದು ಮನೆಯ ಅಜ್ಜಿಗೆ ನಾಣ್ಯಗಳ ಬಗ್ಗೆ ಅಜ್ಜನಿಗಿಂತ ಜಾಸ್ತಿ ಗೊತ್ತಿತ್ತು. ಅಜ್ಜ ಕೂಡಿಸಿದ್ದು ಅಷ್ಟೇ, ತೊಳೆದು ಒರೆಸಿ ಇಟ್ಟು ಎಲ್ಲ ನೆನಪಿಟ್ಟುಕೊಂಡವರು ಅವರು.

ಒಂದು ಎಚ್ಚರಿಕೆ ಇದೆ. ಹೊಲ ಉಳುವಾಗ ಸಿಕ್ಕಿತು, ಪಾಯ ತೆಗೆಯುವಾಗ ಸಿಕ್ಕಿತು ಅಂತ ಯಾರಾದರೂ ತೋರಿಸಿದರೆ ಕೈಯಲ್ಲಿ ಹಿಡಿಯುವ ಮೊದಲು ಯೋಚಿಸಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಲೇಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ 1962ರ ಕಾಯ್ದೆಯೇ ಇದೆ. ಹಾಗೇ ನೂರು ವರ್ಷ ದಾಟಿದ ನಾಣ್ಯವನ್ನು ಸುಮ್ಮನೆ ದೇಶದ ಹೊರಗೆ ಒಯ್ಯುವ ಹಾಗಿಲ್ಲ, ಅದು 1972ರ ಕಾಯ್ದೆ. ಕಂಪನಿ ಕೆಲಸಕ್ಕೆ ದುಬೈಗೋ ಜರ್ಮನಿಗೋ ಹೋಗುವವರು ಗೆಳೆಯರಿಗೆ ತೋರಿಸೋಣ ಅಂತ ಕಿಸೆಯಲ್ಲಿ ಇಟ್ಟುಕೊಳ್ಳಬೇಡಿ.

ಇದನ್ನು ಮಕ್ಕಳಿಗೂ ಹೇಳುತ್ತೇನೆ, ಯಾಕೆಂದರೆ ನಮ್ಮ ನೆಲವೇ ಅಂಥದ್ದು. ನಮ್ಮ ತಾಲೂಕಿನ ಅಕ್ಕಿಆಲೂರಿನಲ್ಲಿ ರೋಮನ್, ಬೈಜಾಂಟೈನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತ್ತು. ಕಾನ್‌ಸ್ಟಾಂಟಿನೋಪಲ್ ಎಲ್ಲಿ, ಅಕ್ಕಿಆಲೂರು ಎಲ್ಲಿ! ಪಾಠದಲ್ಲಿ ರೋಮ್ ಜೊತೆಗಿನ ವ್ಯಾಪಾರ ಬಂದಾಗ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ತಕ್ಕಡಿಯವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಸಂಬಂಧಿಕರ ಮನೆಯಲ್ಲಿ ಅಜ್ಜಿ ಕಾಲದ ಒಂದು ವರಹ ಇದೆ. ಬಾಲಕೃಷ್ಣ ಕೂತ ಹಾಗಿದೆ. ಕೃಷ್ಣದೇವರಾಯನದು ಅನ್ನುತ್ತಾರೆ. ಒರೆಗಲ್ಲಿಗೆ ತಿಕ್ಕಲು ಮನಸ್ಸಿಲ್ಲ. ತೂಕದಿಂದಲೇ ಏನಾದರೂ ಗೊತ್ತಾಗುತ್ತದಾ?

ತಕ್ಕಡಿ ರಿಪೇರಿ, ಹುಬ್ಬಳ್ಳಿ

ಟೀಚರ್, ಇದು ನನ್ನ ಅಂಗಳದ ಪ್ರಶ್ನೆ! ತಿಕ್ಕುವುದು ಬೇಡವೇ ಬೇಡ.

0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಬೇಕು. ಮೊದಲು ಹಾಗೇ ತೂಗಿ. ವರಹ 3.4 ಗ್ರಾಂ ಆಸುಪಾಸು ಬರಬೇಕು. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಸಣ್ಣ ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ಕೈಯಲ್ಲೇ ಹಿಡಿದಿರಿ. ಲೋಟದ ತಳಕ್ಕೆ, ಬದಿಗೆ ತಾಗಬಾರದು. ಮೈಗೆ ಗಾಳಿಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವುದು ನಾಣ್ಯದ ತೂಕವಲ್ಲ, ಅದು ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. 3.40 ಗ್ರಾಂ ವರಹಕ್ಕೆ 0.19 ತೋರಿಸಿದರೆ ಭಾಗಲಬ್ಧ 18ರ ಹತ್ತಿರ. ಒಳ್ಳೇ ಚಿನ್ನ. 0.40 ತೋರಿಸಿದರೆ ಎಂಟೂವರೆ, ಅಂದರೆ ಹಿತ್ತಾಳೆಗೆ ಚಿನ್ನದ ಲೇಪ. ಇಷ್ಟು ಸಣ್ಣ ತಕ್ಕಡಿಯಲ್ಲಿ 22 ಕ್ಯಾರೆಟ್ಟೋ 20 ಕ್ಯಾರೆಟ್ಟೋ ಅಂತ ಹೇಳಲಾಗದು. ಚಿನ್ನ ಹೌದೋ ಅಲ್ಲವೋ ಅಷ್ಟು ಗೊತ್ತಾಗುತ್ತದೆ. ಚಿನ್ನವೇ ಆದರೂ ಕೃಷ್ಣದೇವರಾಯನ ಕಾಲದ್ದೋ, ಈಗಿನವರು ಹೊಡೆದದ್ದೋ ಅಂತ ನೀರು ಹೇಳುವುದಿಲ್ಲ. ಅದಕ್ಕೆ ಸಾಧನಕೇರಿಯವರನ್ನೇ ಕೇಳಬೇಕು.

ನಾಳೆ ಬೆಳಿಗ್ಗೆ ಕೊಲ್ಹಾಪುರಕ್ಕೆ ಹೊರಡುತ್ತೇನೆ. ನಗರ ಪೈಸಾ ಒಂದೇ ಜೊತೆಗಿರುತ್ತದೆ.

ತಕ್ಕಡಿ ರಿಪೇರಿ, ಹುಬ್ಬಳ್ಳಿ

ಬಂದೆ. ಬರೆಯದೆ ಇರಲು ಆಗುತ್ತಿಲ್ಲ.

ಮೊದಲ ಸಂಜೆ ಗುಜರಿಗೆ ಹೋದೆ. ಬೆಟಗೇರಿಯವರು ಹೇಳಿಕೊಟ್ಟ ಮಾತನ್ನು ಹರಕು ಮರಾಠಿಯಲ್ಲಿ ಮೂರು ಅಂಗಡಿಯಲ್ಲಿ ಹೇಳಿದೆ. ಇಬ್ಬರು ತಲೆ ಅಲ್ಲಾಡಿಸಿದರು. ಮೂರನೆಯ ಅಕ್ಕಸಾಲಿಗರು ನನ್ನ ಮಾತು ಕೇಳಲೇ ಇಲ್ಲ. ಅವರ ಸಣ್ಣ ತಕ್ಕಡಿ ಸೊನ್ನೆಗೆ ನಿಲ್ಲುತ್ತಿರಲಿಲ್ಲ, ಅದನ್ನೇ ಬಡಿಯುತ್ತಾ ಕೂತಿದ್ದರು. ನನ್ನ ಕೈ ಸುಮ್ನೆ ಇರುತ್ತದಾ? ಬಿಚ್ಚಿ ನೋಡಿದೆ. ತಟ್ಟೆಯ ಕೆಳಗೆ ಬೆಳ್ಳಿಯ ಪುಡಿ ಕೂತಿತ್ತು. ಊದಿ ಒರೆಸಿ ಕೊಟ್ಟೆ. ಐದು ನಿಮಿಷದ ಕೆಲಸ. ರೊಕ್ಕ ತೆಗೆದುಕೊಳ್ಳಲಿಲ್ಲ. ಅವರು ಆಗ ಫೋನ್ ತೆಗೆದು ತಮ್ಮ ಭಾವನಿಗೆ "ಹುಬಳಿಚೆ ಪಾವ್ಹಣೆ ಆಲೇತ" ಅಂದರು. ಹುಬ್ಬಳ್ಳಿಯ ನೆಂಟರು ಬಂದಿದ್ದಾರೆ ಅಂತ. ಅಲ್ಲಿಗೆ ನಾನು ಬೀಗ ಆಗಿಬಿಟ್ಟೆ.

ಭಾವ ಕೂಡಿಸುವುದು ಶಿವರಾಯಿ. ಶಿವಾಜಿ ಕಾಲದಿಂದ ಹೊಡೆಯುತ್ತಾ ಬಂದ ತಾಮ್ರದ ಕಾಸು. ಒಂದು ಬದಿ "ಶ್ರೀ ರಾಜಾ ಶಿವ", ಇನ್ನೊಂದು ಬದಿ "ಛತ್ರಪತಿ". ಒಂದೇ ನಾಣ್ಯ ಅಲ್ವಾ ಅಂತ ನಾನು ತಿಳಿದಿದ್ದೆ. ಅಕ್ಷರದ ಸೊಟ್ಟ, ಚುಕ್ಕೆಯ ಜಾಗ, ಗೆರೆ ಒಂದೋ ಎರಡೋ, ಹೀಗೆ ಬೇರೆ ಬೇರೆ ಮಾಡಿ ಟ್ರೇಗಟ್ಟಲೆ ಇಟ್ಟಿದ್ದಾರೆ. ರಾತ್ರಿ ಹತ್ತರವರೆಗೆ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ನಾಲ್ಕನೇ ಟ್ರೇ ಹೊತ್ತಿಗೆ ನನಗೆ ಆಕಳಿಕೆ ಬಂತು.

ಕೊನೆಗೆ ಒಂದು ಹಳೇ ಬಿಸ್ಕಿಟ್ ಡಬ್ಬಿ ತಂದರು. "ಹೇ ತುಮಚ್ಯಾಕಡಚ." ಇವು ನಿಮ್ಮ ಕಡೆಯವು ಅಂತ. ಮೈಸೂರಿನ ತಾಮ್ರ! ಒಂದರ ಮೇಲೆ "ಮಯಿಲೀ ಕಾಸು" ಅಂತ ಕನ್ನಡದಲ್ಲಿ ಚೆನ್ನಾಗಿ ಓದಲು ಬರುತ್ತಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು. ಉಳಿದವು ಸಣ್ಣವು. ಆನೆ, ಆನೆಯ ಮೇಲೆ ಕನ್ನಡ ಅಂಕಿ, ಹಿಂದೆ ಅಡ್ಡ ಉದ್ದ ಗೆರೆಗಳ ಚೌಕುಳಿ. ಇಪ್ಪತ್ತು ವರ್ಷದಿಂದ ಡಬ್ಬಿಯಲ್ಲಿವೆ. ಓದಲು ಬಾರದೆ, ಕಂಡ ಆಕಾರದ ಮೇಲೆ ಗುಂಪು ಮಾಡಿದ್ದರು. ೬ ಮತ್ತು ೯ ಒಂದೇ ಪೊಟ್ಟಣದಲ್ಲಿದ್ದವು. ೨೩ನ್ನು ಆನೆಯ ಅಂಬಾರಿ ಅಂತ ತಿಳಿದಿದ್ದರು!

ಅವರ ಮಗಳ ಪಾಟಿ ತರಿಸಿ ಒಂದರಿಂದ ಸೊನ್ನೆಯವರೆಗೆ ಬರೆದು ಕೊಟ್ಟೆ. ಶಾಲೆ ಬಿಟ್ಟ ಮೇಲೆ ನಾನು ಕನ್ನಡ ಅಂಕಿ ಬರೆದದ್ದು ಅದೇ ಮೊದಲು ಅನ್ನಿಸುತ್ತದೆ. ೭ ಬರೆಯುವಾಗ ಒಂದು ಕ್ಷಣ ಕೈ ನಿಂತಿತು. ಅವರು ಒಂದೊಂದೇ ನಾಣ್ಯ ಹಿಡಿದು, ಪಾಟಿ ನೋಡಿ, "ಹೇ ಚೌದಾ?" ಅಂತ ಕೇಳುತ್ತಿದ್ದರು. ನಾನು "ಹದಿನಾಲ್ಕು, ಹದಿನಾಲ್ಕು" ಅನ್ನುತ್ತಿದ್ದೆ. ಮರುದಿನ ಸಂಜೆಯೂ ಅದೇ ಕೆಲಸ. ಟೌನ್ ಹಾಲ್ ಮ್ಯೂಸಿಯಂ ತಪ್ಪಿಹೋಯಿತು. ಸಾಧನಕೇರಿಯವರು ಬೈಯಬೇಡಿ, ಮುಂದಿನ ಸಲ ಖಂಡಿತ.

ನನ್ನ ಪೈಸಾ ನೋಡಿ ಅವರು ಅಕ್ಷರ ಬಿಡಿಸುತ್ತಾ "ನಗರ್" ಅಂದರು. ಮರಾಠಿಯ ಹಳೇ ಮೋಡಿ ಲಿಪಿ, ಪರ್ಷಿಯನ್ ಎರಡೂ ಅಷ್ಟಿಷ್ಟು ಓದುತ್ತಾರೆ. ಧಾರವಾಡ ಅಂತ ಹೇಳಿದ್ದರೆ ಅವತ್ತು ಮಾನ ಹೋಗುತ್ತಿತ್ತು. ಹೊರಡುವಾಗ ಎರಡೆರಡು ಇದ್ದ ಒಂದು ಶಿವರಾಯಿ ಕೈಗಿಟ್ಟರು. ನಾನು ಬ್ಯಾಗಿನಲ್ಲಿದ್ದ ಧಾರವಾಡ ಪೇಡೆ ಪೊಟ್ಟಣ ಕೊಟ್ಟೆ. ಅದು ಬೆಲ್ಲದ ವ್ಯಾಪಾರಿಗೆ ಅಂತ ಒಯ್ದದ್ದು, ಇರಲಿ.

ಡಿಸೆಂಬರ್‌ನಲ್ಲಿ ಅವರು ಮದುವೆಗೆ ಹುಬ್ಬಳ್ಳಿಗೆ ಬರುತ್ತಾರೆ. ಒಂದು ದಿನ ಲಕ್ಕುಂಡಿ ನೋಡಬೇಕಂತೆ. ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆ ಇತ್ತು, ಶಾಸನಗಳಲ್ಲಿ ಲೊಕ್ಕಿ ಗದ್ಯಾಣ ಅನ್ನೋ ಚಿನ್ನದ ನಾಣ್ಯದ ಹೆಸರು ಬರುತ್ತದೆ ಅಂತ ನಾನೇ ಬಾಯಿ ಬಿಟ್ಟಿದ್ದೆ. ಈಗ "ಟಂಕಸಾಲೆ ಇದ್ದ ಜಾಗ ಯಾವುದು, ತೋರಿಸು" ಅನ್ನುತ್ತಿದ್ದಾರೆ. ಗುಡಿ, ಬಾವಿ ನಾನು ತೋರಿಸಬಲ್ಲೆ. ಉಳಿದದ್ದನ್ನು ಹೇಳಲು ಗೊತ್ತಿದ್ದವರು ಬೇಕು. ಬೆಟಗೇರಿಯವರೇ, ಡಿಸೆಂಬರ್ ಎರಡನೇ ವಾರ ನೀವು ಊರಲ್ಲಿ ಇರುತ್ತೀರಾ, ಇಲ್ಲ ಬ್ಯಾಗು ಎತ್ತಿಕೊಂಡು ಹೋಗಿರುತ್ತೀರಾ?

ಔಷಧಿ ಬ್ಯಾಗು, ಬೆಟಗೇರಿ

ಇರುತ್ತೇನೆ. ರಜೆ ಹಾಕುತ್ತೇನೆ. ಆ ಬಿಸ್ಕಿಟ್ ಡಬ್ಬಿ ತರಲು ಹೇಳಿ.